ಸಣ್ಣ ಹಾಸ್ಟೆಲ್‌ಗೆ ಬೀಗ ಹಾಕುವ ಮೊದಲು

ಸಂಪಾದಕರಿಗೆ ನಮಸ್ಕಾರ.

ಶರಾವತಿ ಹಿನ್ನೀರಿನ ಮೇಲೆ ಸಿಗಂದೂರು ಸೇತುವೆ ಆಯಿತು, ರಸ್ತೆ ಆಯಿತು, ಬಸ್ಸು ಓಡಾಡುತ್ತಿದೆ. ಇನ್ನು ಹತ್ತಿಪ್ಪತ್ತು ಮಕ್ಕಳಿಗಾಗಿ ಹಳ್ಳಿ ಕಡೆ ಹಾಸ್ಟೆಲ್ ಯಾಕೆ, ಎಲ್ಲರನ್ನೂ ತಾಲ್ಲೂಕು ಕೇಂದ್ರದ ದೊಡ್ಡ ಕಟ್ಟಡಕ್ಕೆ ಸೇರಿಸಿದರೆ ಸರ್ಕಾರದ ದುಡ್ಡು ಉಳಿಯುತ್ತದೆ ಅನ್ನುವ ಮಾತು ಈಗ ನಮ್ಮ ಕಡೆ ಜೋರಾಗಿದೆ. ನಿಮ್ಮ ಪತ್ರಿಕೆಯ ಓದುಗರೊಬ್ಬರೂ ಇದೇ ಅಂಕಣದಲ್ಲಿ ಹೀಗೇ ಬರೆದಿದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಪೇಟೆಯಲ್ಲಿ ಕೂತು ಲೆಕ್ಕ ಹಾಕಿದರೆ ಯಾರಿಗಾದರೂ ಹಾಗೇ ಅನಿಸುತ್ತದೆ. ನಾನು ಹಾಸ್ಟೆಲ್‌ನಲ್ಲಿದ್ದು ಓದಿದವಳು. ಆಮೇಲೆ ನಿವೃತ್ತಿಯವರೆಗೂ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಸರ್ಕಾರಿ ಬಾಲಕಿಯರ ಹಾಸ್ಟೆಲ್‌ಗಳಲ್ಲಿ ವಾರ್ಡನ್ ಆಗಿದ್ದವಳು. ಆ ಲೆಕ್ಕದಲ್ಲಿ ಏನು ಬಿಟ್ಟುಹೋಗಿದೆ ಅಂತ ಹೇಳದೆ ಇರಲು ನನ್ನಿಂದ ಆಗುತ್ತಿಲ್ಲ.

ಸೇತುವೆಯಿಂದಲೇ ಶುರು ಮಾಡುತ್ತೇನೆ. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾದಾಗ ಹಿನ್ನೀರಿನ ಜನರಷ್ಟು ಖುಷಿಪಟ್ಟವರು ಬೇರೆ ಯಾರೂ ಇರಲಿಕ್ಕಿಲ್ಲ. ನಾನು ಹುಟ್ಟಿದ್ದು 1964ರಲ್ಲಿ, ಲಿಂಗನಮಕ್ಕಿ ಅಣೆಕಟ್ಟು ಮುಗಿದ ವರ್ಷ. ನಮ್ಮವರು ಉಳುತ್ತಿದ್ದ ಗದ್ದೆ ಶರಾವತಿ ಹಿನ್ನೀರಿನಡಿ ಹೋಯಿತು, ಮನೆ ಗುಡ್ಡದ ಮೇಲಕ್ಕೆ ಬಂತು. ಹೊಳೆಬಾಗಿಲಿನಲ್ಲಿ ಲಾಂಚ್‌ಗೆ ಕಾಯುವುದರಲ್ಲೇ ನಮ್ಮ ಜನರ ಅರ್ಧ ಆಯುಷ್ಯ ಕಳೆಯಿತು. ಹೆರಿಗೆ ನೋವು ತಿನ್ನುತ್ತಾ ಲಾಂಚ್ ಬರುವುದನ್ನೇ ನೋಡುತ್ತಾ ಕೂತ ಹೆಂಗಸರನ್ನು ಕಂಡಿದ್ದೇನೆ. ಆ ಕಷ್ಟ ಮುಗಿಯಿತು. ಸೇತುವೆ ಕಟ್ಟಿಸಿದವರನ್ನು ನಮ್ಮ ಜನ ಮರೆಯುವುದಿಲ್ಲ.

ಆದರೆ ಸೇತುವೆ ದಾಟಿಸಿದ್ದು ನೀರನ್ನು ಮಾತ್ರ. ಬಸ್ಸು ಕ್ರಾಸ್‌ನಲ್ಲಿ ಇಳಿಸಿ ಹೋಗುತ್ತದೆ. ಅಲ್ಲಿಂದ ಮನೆಗೆ ಕಾಡುದಾರಿ, ಗದ್ದೆ ಅಂಚು, ಒಂದೋ ಎರಡೋ ಹಳ್ಳ. ಬಯಲುಸೀಮೆಯಲ್ಲಿ ಊರು ಅಂದರೆ ಮನೆಗಳು ಒಟ್ಟಿಗಿರುತ್ತವೆ. ಬಸ್ಸು ಊರಿಗೆ ಬಂತು ಅಂದರೆ ಮಗು ಮನೆಗೆ ಬಂತು ಅಂತಲೇ. ಮಲೆನಾಡಿನಲ್ಲಿ ಒಂದು ಮನೆ ಈ ಗುಡ್ಡದ ಬುಡದಲ್ಲಿ, ಇನ್ನೊಂದು ಆ ಗುಡ್ಡದ ಆಚೆ. ಗೂಗಲ್ ಮ್ಯಾಪ್‌ನಲ್ಲಿ ಹತ್ತಿರ ಕಾಣುವ ಶಾಲೆಗೆ ಮಳೆಗಾಲದಲ್ಲಿ ಸುತ್ತು ಹಾಕಿ ಹೋಗಬೇಕು, ಯಾಕೆಂದರೆ ನಡುವೆ ಇರುವ ಕಾಲುಸಂಕದ ಮೇಲೆ ನೀರು ಹರಿಯುತ್ತಿರುತ್ತದೆ. ಸಂಕ ಅಂದರೆ ಎರಡು ಅಡಿಕೆ ಮರದ ದಬ್ಬೆ, ಹಿಡಿದುಕೊಳ್ಳಲು ಒಂದು ಬಿದಿರು. ಆಗುಂಬೆ ಸುತ್ತ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಶಾಲೆ ಶುರುವಾಗುವುದೂ ಅದೇ ಜೂನ್‌ನಲ್ಲಿ. ಸಂಜೆ ಶಾಲೆ ಬಿಟ್ಟು, ಬಸ್ಸಿಗೆ ಕಾದು, ಕ್ರಾಸ್‌ನಲ್ಲಿ ಇಳಿಯುವಾಗ ಕತ್ತಲೆ. ಹದಿಮೂರು ವರ್ಷದ ಮಗಳನ್ನು ಆ ದಾರಿಯಲ್ಲಿ ಒಬ್ಬಳೇ ಬಾ ಅಂತ ಯಾವ ತಾಯಿ ಹೇಳುತ್ತಾಳೆ? ಹೇಳುವುದಿಲ್ಲ. ಓದು ಸಾಕು ಅನ್ನುತ್ತಾಳೆ.

ಹಾಗಾಗಿಯೇ ಮಲೆನಾಡಿನಲ್ಲಿ ಓದು ಅಂದಾಗಲೆಲ್ಲ ಜೊತೆಗೆ ಇನ್ನೊಂದು ಪ್ರಶ್ನೆ ಬಂದಿದೆ: ಉಳಿಯುವುದು ಎಲ್ಲಿ, ಊಟ ಎಲ್ಲಿ? ಶಾಲೆ ಕಟ್ಟಡ ಎಷ್ಟಾದವು, ಮೇಷ್ಟ್ರು ಎಷ್ಟು ಜನ ಅಂತ ಚರಿತ್ರೆ ಬರೆಯುತ್ತಾರೆ. ನಮ್ಮ ಕಡೆ ಯಾರು ಓದಿದರು, ಯಾರು ಓದಲಿಲ್ಲ ಅಂತ ತಿಳಿಯಬೇಕಾದರೆ ಯಾರಿಗೆ ಉಳಿಯಲು ಜಾಗ ಸಿಕ್ಕಿತು ಅಂತ ನೋಡಬೇಕು.

ಮೊದಲು ಇದ್ದದ್ದು ಕೂಲಿಮಠ. ಅಯ್ಯನೋರು ಯಾರದಾದರೂ ಜಗಲಿಯಲ್ಲೋ ದೇವಸ್ಥಾನದ ಪೌಳಿಯಲ್ಲೋ ಮಕ್ಕಳನ್ನು ಕೂರಿಸಿ, ಮರಳ ಮೇಲೆ ಅಕ್ಷರ ತಿದ್ದಿಸಿ, ಮಗ್ಗಿ ಹೇಳಿಸುತ್ತಿದ್ದರು. ಕೂಲಿ ಎಂದು ಅಕ್ಕಿ, ಕಾಯಿ, ಒಂದಿಷ್ಟು ಕಾಸು. ಒಂಟಿ ಮನೆಗಳ ನಮ್ಮ ಸೀಮೆಯಲ್ಲಿ ಅದೂ ಎಲ್ಲ ಕಡೆ ಇರಲಿಲ್ಲ. ಅನುಕೂಲವಂತ ಮನೆತನದವರು ಘಟ್ಟದ ಕೆಳಗಿನಿಂದ ಐಗಳನ್ನು, ಅಂದರೆ ಮೇಷ್ಟ್ರನ್ನು, ಕರೆಸಿ, ಮನೆಯಲ್ಲೇ ಇಟ್ಟುಕೊಂಡು ಮಕ್ಕಳಿಗೆ ಪಾಠ ಹೇಳಿಸುತ್ತಿದ್ದರು. 1904ರಲ್ಲಿ ಹುಟ್ಟಿದ ಕುವೆಂಪು ಅವರ ಮೊದಲ ಶಾಲೆ ಕುಪ್ಪಳಿ ಮನೆಯಲ್ಲೇ ನಡೆದದ್ದು. ಮುಂದಿನ ಓದಿಗೆ ಅವರು ತೀರ್ಥಹಳ್ಳಿಗೆ ಹೋದರು, ಅಲ್ಲಿಂದ ಮೈಸೂರಿಗೆ. ಮೈಸೂರಿನಲ್ಲಿ ರಾಮಕೃಷ್ಣಾಶ್ರಮ ಅವರಿಗೆ ವರ್ಷಗಟ್ಟಲೆ ನೆಲೆ ಕೊಟ್ಟಿತು. ಅಷ್ಟು ದೊಡ್ಡ ಮನೆಯ ಮಗನಿಗೇ ಓದಲು ಬೇರೆಯವರ ಸೂರು ಬೇಕಾಯಿತು ಅಂದಮೇಲೆ ಉಳಿದವರ ಪಾಡು ಕೇಳುವುದೇ ಬೇಡ.

ಬಡ ಬ್ರಾಹ್ಮಣ ಹುಡುಗರಿಗೆ ವಾರಾನ್ನ ಇತ್ತು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಅದರಲ್ಲಿ ಹಂಗೂ ಇತ್ತು, ಅವಮಾನವೂ ಇತ್ತು ಅಂತ ಉಂಡವರೇ ಹೇಳಿದ್ದಾರೆ. ಆದರೂ ಅಷ್ಟಾದರೂ ಇತ್ತಲ್ಲ. ನಮ್ಮಂಥ ಗೇಣಿ ಒಕ್ಕಲುಗಳ ಮಕ್ಕಳಿಗೆ, ಕೇರಿಯ ಮಕ್ಕಳಿಗೆ ಪೇಟೆಯಲ್ಲಿ ಯಾರ ಮನೆ ಎಲೆಯೂ ಇರಲಿಲ್ಲ. ಹೆಣ್ಣುಮಕ್ಕಳಿಗಂತೂ ಯಾವ ಜಾತಿಯಲ್ಲೂ ವಾರಾನ್ನ ಅಂತ ನಾನು ಕೇಳಿಲ್ಲ.

ಇದನ್ನು ಸರಿಮಾಡಲು ಹೊರಟವರು ಶಾಲೆಯ ಜೊತೆಗೆ ಹಾಸ್ಟೆಲನ್ನೂ ಕಟ್ಟಿದರು. ಘಟ್ಟದ ಕೆಳಗೆ ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಶುರುಮಾಡಿದರು. ಸ್ವಂತ ಜಾತಿಯವರ ಬಹಿಷ್ಕಾರ ತಡೆದುಕೊಂಡು ದಲಿತ ಮಕ್ಕಳಿಗೆ ಶಾಲೆ ನಡೆಸಿದರು, ಉಳಿಯಲು ಜಾಗ ಮಾಡಿದರು. ಮೈಸೂರು ಸಂಸ್ಥಾನದಲ್ಲಿ 1906ರಲ್ಲಿ ಒಕ್ಕಲಿಗರ ಸಂಘ ಹುಟ್ಟಿತು. ಬೇರೆ ಬೇರೆ ಸಮುದಾಯಗಳೂ ಸಂಘ ಕಟ್ಟಿಕೊಂಡವು, ಹಳ್ಳಿ ಹುಡುಗರಿಗೆ ಹಾಸ್ಟೆಲ್ ತೆರೆದವು. ಮಠಗಳು ಉಚಿತ ಪ್ರಸಾದ ನಿಲಯ ನಡೆಸಿದವು. ನಾಲ್ವಡಿ ಕೃಷ್ಣರಾಜ ಒಡೆಯರ್ 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದ ಮೇಲೆ ಹಿಂದುಳಿದವರ ಓದು, ನೌಕರಿ ಸರ್ಕಾರದ ಕೆಲಸ ಅಂತಾಯಿತು. ಇವೆಲ್ಲ ದೊಡ್ಡ ಕೆಲಸಗಳೇ. ಆದರೂ ನಮ್ಮ ಗುಡ್ಡಗಳಿಗೆ ಅದರ ಫಲ ಮುಟ್ಟಲು ಬಹಳ ತಡವಾಯಿತು.

ಯಾಕೆ ಅಂತ ನನ್ನ ಅಜ್ಜನನ್ನು ನೋಡಿದವರಿಗೆ ಗೊತ್ತು. ಗೇಣಿ ಭತ್ತ ಅಳೆಯುವಾಗ ಒಡೆಯರ ಮನೆಯವರು ಬರೆದುಕೊಳ್ಳುತ್ತಿದ್ದರು, ಅಜ್ಜ ಹೆಬ್ಬೆಟ್ಟು ಒತ್ತುತ್ತಿದ್ದರು. ಎಷ್ಟು ಬರೆದರು ಅಂತ ಓದಲು ಬರುತ್ತಿರಲಿಲ್ಲ. ಅಳೆಯುವ ಕೊಳಗವೇ ದೊಡ್ಡದು ಅಂತ ನಮ್ಮ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಸತ್ಯಾಗ್ರಹ ನಡೆಯಿತು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರೂ ಬಂದು ಬಂಧನಕ್ಕೊಳಗಾದರು. ಆ ಹೋರಾಟದ ಬಗ್ಗೆ ಬಹಳ ಜನ ಬರೆದಿದ್ದಾರೆ. ನಾನು ಹೇಳುವುದು ಒಂದೇ. ಭೂಮಿ ಕೈಗೆ ಬರುವವರೆಗೆ ಒಕ್ಕಲು ಮನೆಯ ಮಗು ದನ ಕಾಯಲು ಬೇಕಿತ್ತು, ಒಡೆಯರ ಮನೆ ಕೆಲಸಕ್ಕೆ ಬೇಕಿತ್ತು. 1974ರಲ್ಲಿ ಉಳುವವರಿಗೇ ಭೂಮಿ ಕೊಡುವ ಭೂಸುಧಾರಣೆ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂತು. ಮುಖ್ಯಮಂತ್ರಿ ದೇವರಾಜ ಅರಸರು ಹಿಂದುಳಿದ ವರ್ಗಗಳಿಗಾಗಿ ನೇಮಿಸಿದ್ದ ಹಾವನೂರ್ ಆಯೋಗ 1975ರಲ್ಲಿ ವರದಿ ಕೊಟ್ಟಿತು. 1977ರಲ್ಲಿ ಹಿಂದುಳಿದ ವರ್ಗಗಳಿಗೇ ಒಂದು ಇಲಾಖೆ ಬಂತು. ಇವತ್ತಿಗೂ ಹಳ್ಳಿಯಲ್ಲಿ ಬಿಸಿಎಂ (ಬ್ಯಾಕ್‌ವರ್ಡ್ ಕ್ಲಾಸಸ್ ಅಂಡ್ ಮೈನಾರಿಟೀಸ್) ಹಾಸ್ಟೆಲ್ ಅಂತಲೇ ಕರೆಯುವುದು ಆ ಇಲಾಖೆಯದನ್ನು. ಗದ್ದೆ ಸ್ವಂತದ್ದಾಯಿತು, ಹಾಸ್ಟೆಲ್ ಬಾಗಿಲು ತೆರೆಯಿತು. ಎರಡೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಆದದ್ದರಿಂದ ನನ್ನ ತಲೆಮಾರಿನವರು ಓದಿದೆವು.

ನಾನು ಎಂಟನೇ ಕ್ಲಾಸಿಗೆ ಸಾಗರಕ್ಕೆ ಬಂದೆ. ಅಪ್ಪಯ್ಯ ತಗಡಿನ ಟ್ರಂಕು ಹೊತ್ತು ತಂದರು. ಅದರಲ್ಲಿ ಎರಡು ಜೊತೆ ಬಟ್ಟೆ, ಒಂದು ಕಂಬಳಿ, ಅಮ್ಮ ಕಟ್ಟಿಕೊಟ್ಟ ಹಲಸಿನ ಹಪ್ಪಳ. ಬಾಡಿಗೆ ಮನೆಯಲ್ಲಿ ನಡೆಯುತ್ತಿದ್ದ ಹಾಸ್ಟೆಲ್ ಅದು. ಮಳೆಗಾಲದಲ್ಲಿ ನಮಗಿದ್ದ ದೊಡ್ಡ ಚಿಂತೆ ಪರೀಕ್ಷೆಯದ್ದಲ್ಲ, ಲಂಗ ಒಣಗಿಸುವುದು. ಬಚ್ಚಲ ಹಂಡೆ ಒಲೆಯ ಮೇಲೆ ಹಗ್ಗ ಕಟ್ಟಿ ಸರದಿ ಪ್ರಕಾರ ಬಟ್ಟೆ ಹಾಕುತ್ತಿದ್ದೆವು. ರಾತ್ರಿ ಒಬ್ಬಳು ಎದ್ದು ಕಟ್ಟಿಗೆ ಮುಂದೆ ತಳ್ಳಬೇಕು, ಇನ್ನೊಬ್ಬಳು ಬಟ್ಟೆ ಮಗುಚಬೇಕು. ಬೆಳಿಗ್ಗೆ ಕ್ಲಾಸಿನಲ್ಲಿ ಕೂತರೆ ನಮ್ಮ ಬೆಂಚಿನಿಂದ ಹೊಗೆ ವಾಸನೆ. ಪೇಟೆ ಹುಡುಗಿಯರು ಮೂಗು ಮುಚ್ಚಿಕೊಳ್ಳುತ್ತಿದ್ದರು. ಮುಂದೆ ನಾನು ವಾರ್ಡನ್ ಆದಾಗ ಪ್ರತಿ ಹಾಸ್ಟೆಲ್‌ನಲ್ಲೂ ಮೊದಲು ಕೇಳಿದ್ದು ಬಟ್ಟೆ ಒಣಗಿಸಲು ಒಂದು ಬೆಚ್ಚನೆ ಕೋಣೆ. ಕಟ್ಟಡದ ನಕ್ಷೆ ಬರೆಯುವವರು ಬಯಲುಸೀಮೆಯ ಲೆಕ್ಕದಲ್ಲಿ ಟೆರೇಸಿನ ಮೇಲೆ ತಂತಿ ಕಟ್ಟಿ ಕೊಡುತ್ತಿದ್ದರು. ಜುಲೈ ತಿಂಗಳಲ್ಲಿ ಟೆರೇಸಿನ ಮೇಲೆ ಬಟ್ಟೆ ಹಾಕುವುದುಂಟಾ!

ಊಟದ ಪಟ್ಟಿಯೂ ಹಾಗೇ. ಎಲ್ಲೋ ಬರೆದದ್ದು, ರಾಜ್ಯಕ್ಕೆಲ್ಲ ಒಂದೇ. ನಮ್ಮ ಮಕ್ಕಳಿಗೆ ಮುದ್ದೆ ನುಂಗಿ ಅಭ್ಯಾಸವಿಲ್ಲ, ಅವರು ಗಂಜಿ ಉಂಡು ಬೆಳೆದವರು. ಪಟ್ಟಿಯನ್ನು ಮೀರದೆ, ಹಿತ್ತಲಲ್ಲಿ ಬೆಳೆದ ಕೆಸುವಿನ ಸೊಪ್ಪು, ಮಕ್ಕಳು ಮನೆಯಿಂದ ತಂದ ಹಲಸಿನ ಬೀಜ ಎಲ್ಲ ಸೇರಿಸಿ ನಮ್ಮ ಅಡುಗೆಯವರು ಸಂಭಾಳಿಸುತ್ತಿದ್ದರು. ಆ ಅಡುಗೆ ಹೆಂಗಸರ ಬಗ್ಗೆ ಯಾರೂ ಬರೆಯುವುದಿಲ್ಲ. ಜ್ವರ ಬಂದ ಹುಡುಗಿಗೆ ರಾತ್ರಿ ಮೆಣಸಿನ ಕಷಾಯ ಕಾಯಿಸಿಕೊಟ್ಟವರು ಅವರೇ, ದೊಡ್ಡವಳಾದ ಹುಡುಗಿ ಹೆದರಿ ಅತ್ತಾಗ ಪಕ್ಕದಲ್ಲಿ ಕೂತವರೂ ಅವರೇ. ಒಂದು ಊರಿನಲ್ಲಿ ಅಡುಗೆಯಾಕೆಯ ಜಾತಿ ಕೇಳಿ ಒಬ್ಬ ತಂದೆ ಮಗಳನ್ನು ಕರೆದುಕೊಂಡು ಹೋಗಿಬಿಟ್ಟರು. ನಾನು ವಾದ ಮಾಡಲಿಲ್ಲ. ನಿಮ್ಮ ಮಗಳ ಜಾಗ ಖಾಲಿ ಇಟ್ಟಿರುತ್ತೇನೆ ಅಂದೆ. ಸ್ವಲ್ಪ ದಿನ ಬಿಟ್ಟು ತಾವೇ ತಂದು ಬಿಟ್ಟರು. ಮನೆಯಲ್ಲಿ ಆ ಹುಡುಗಿ ಊಟ ಬಿಟ್ಟು ಕೂತಿದ್ದಳಂತೆ. ಹತ್ತನೇ ಕ್ಲಾಸು ಮುಗಿಸಿ ಹೋಗುವಾಗ ಅವಳು ಮೊದಲು ಕಾಲಿಗೆ ಬಿದ್ದದ್ದು ಆ ಅಡುಗೆಯಾಕೆಗೆ. ಇಂಥದ್ದು ಸಣ್ಣ ಹಾಸ್ಟೆಲ್‌ನಲ್ಲಿ ಸಾಧ್ಯ, ಯಾಕೆಂದರೆ ಅಲ್ಲಿ ಎಲ್ಲರಿಗೂ ಎಲ್ಲರ ಮನೆ ಗೊತ್ತು.

ಈಗ ದೊಡ್ಡ ವಸತಿ ಶಾಲೆಗಳಿವೆಯಲ್ಲ, ಮತ್ತೇಕೆ ಇದು ಅಂತ ಕೇಳಬಹುದು. ಇವೆ, ಒಳ್ಳೆಯವೂ ಹೌದು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯಿಂದ ನವೋದಯ ವಿದ್ಯಾಲಯಗಳು ಬಂದವು. ನಮ್ಮ ಜಿಲ್ಲೆಯದು ಗಾಜನೂರಿನಲ್ಲಿದೆ. ಕಡಿಮೆಯೆಂದರೂ ಶೇ. 75 ಸೀಟು ಹಳ್ಳಿ ಮಕ್ಕಳಿಗೆ. 1990ರ ದಶಕದಲ್ಲಿ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು ಶುರುವಾದವು, ಆಮೇಲೆ ಹೆಣ್ಣುಮಕ್ಕಳಿಗೆ ಕಿತ್ತೂರು ರಾಣಿ ಚೆನ್ನಮ್ಮ ಶಾಲೆಗಳು ಬಂದವು. ಅಲ್ಲಿ ಓದಿದ ಕೂಲಿಯವರ ಮಕ್ಕಳು ಡಾಕ್ಟರಾಗಿದ್ದಾರೆ, ತಹಶೀಲ್ದಾರರಾಗಿದ್ದಾರೆ. ಅದನ್ನು ನೋಡಿ ನನಗೂ ಎದೆ ತುಂಬುತ್ತದೆ. ಆದರೆ ಅಲ್ಲಿಗೆ ಹೋಗಬೇಕಾದರೆ ಐದನೇ ಕ್ಲಾಸಿನಲ್ಲೇ ಪ್ರವೇಶ ಪರೀಕ್ಷೆ ಬರೆಯಬೇಕು. ಪೇಟೆಯಲ್ಲಿ ಅದಕ್ಕೆ ಕೋಚಿಂಗ್ ಇದೆ. ಒಬ್ಬರೇ ಮೇಷ್ಟ್ರು ಐದು ತರಗತಿ ನೋಡಿಕೊಳ್ಳುವ ಶಾಲೆಯ ಮಗು ಅದನ್ನು ಪಾಸು ಮಾಡಿದರೆ ಅದು ಆ ಮೇಷ್ಟ್ರ ಪುಣ್ಯ. ಪಾಸಾಗದ ಮಗುವೂ ಓದಬೇಕು ತಾನೆ? ಅಂಥ ಮಗುವಿಗೆ ಇರುವುದು ಊರ ಹೈಸ್ಕೂಲು ಮತ್ತು ಪಕ್ಕದ ಸಣ್ಣ ಹಾಸ್ಟೆಲ್. ಶನಿವಾರ ಮನೆಗೆ ಹೋಗಬಹುದು, ಸಂತೆಗೆ ಬಂದ ಅಮ್ಮ ಹಾಸ್ಟೆಲ್‌ಗೂ ಬಂದು ಮುಖ ನೋಡಿಕೊಂಡು ಹೋಗಬಹುದು.

ಗಿರಿಜನರ ಚಿಕ್ಕ ಮಕ್ಕಳು ಅಲ್ಲೇ ಉಳಿದು ಓದುವ ಆಶ್ರಮ ಶಾಲೆಗಳ ವಿಷಯ ಬೇರೆಯೇ. ಗುಜರಾತಿನ ಪಂಚಮಹಲ್ ಸೀಮೆಯಲ್ಲಿ 1920ರ ದಶಕದಲ್ಲಿ ಠಕ್ಕರ್ ಬಾಪಾ ಅವರು ಭಿಲ್ಲರ ಮಕ್ಕಳಿಗಾಗಿ ಶುರುಮಾಡಿದ ದಾರಿ ಅದು. ಸ್ವಾತಂತ್ರ್ಯ ಬಂದಮೇಲೆ ಸರ್ಕಾರ ಅದನ್ನೇ ದೇಶದ ಗಿರಿಜನ ಪ್ರದೇಶಗಳಲ್ಲೆಲ್ಲ ಮುಂದುವರಿಸಿತು. ನಮ್ಮ ಕಡೆ ಹಸಲರು, ಗೌಡಲು ಜನರ ಮಕ್ಕಳು ಅಂಥ ಶಾಲೆಗಳಿಂದ ಅಕ್ಷರ ಕಂಡಿದ್ದಾರೆ. ಉದ್ದೇಶ ಒಳ್ಳೆಯದು, ಫಲವೂ ಬಂದಿದೆ. ಆದರೂ ಆರು ವರ್ಷದ ಮಗುವನ್ನು ತಾಯಿಯ ಮಗ್ಗುಲಿಂದ ಬಿಡಿಸಿ ತಂದು ಮಲಗಿಸುವುದನ್ನು ಹತ್ತಿರದಿಂದ ನೋಡಿದ ನನಗೆ ಅದು ಬೇರೆ ದಾರಿ ಇಲ್ಲದಾಗ ಮಾತ್ರ ಮಾಡಬೇಕಾದ ಕೆಲಸ ಅನಿಸುತ್ತದೆ. ಅಂಥ ಒಂದು ಕಡೆ ಕೆಲವು ದಿನ ಹೆಚ್ಚುವರಿ ಕೆಲಸಕ್ಕೆ ಹೋಗಿದ್ದೆ. ಸಂಜೆ ಆರೂವರೆಗೆ ಚಿಕ್ಕ ಮಕ್ಕಳೆಲ್ಲ ಗೇಟಿನ ಹತ್ತಿರ ಹೋಗಿ ನಿಲ್ಲುತ್ತಿದ್ದರು. ಯಾರೂ ಬರುವುದಿಲ್ಲ ಅಂತ ಅವಕ್ಕೂ ಗೊತ್ತು. ಒಂದನೇ ಕ್ಲಾಸಿನಿಂದ ಐದರವರೆಗೆ ಶಾಲೆ ಮನೆಯ ಹತ್ತಿರವೇ ಇರಬೇಕು, ಏಳೆಂಟು ಮಕ್ಕಳಿದ್ದರೂ ಸರಿ. ಆರನೇ ಕ್ಲಾಸಿನ ಮೇಲೆ ಹಾಸ್ಟೆಲ್. ಇದು ನಾನು ಕಂಡುಂಡ ಮಾತು.

ಸಣ್ಣ ಶಾಲೆಗಳನ್ನು ದೊಡ್ಡ ಶಾಲೆಗೆ ಸೇರಿಸುವುದು, ಸಣ್ಣ ಹಾಸ್ಟೆಲ್ ಮುಚ್ಚುವುದು ಎರಡೂ ಒಟ್ಟಿಗೆ ನಡೆದರೆ ಏನಾಗುತ್ತದೆ? ನನ್ನ ನೌಕರಿಯ ಕೊನೆಗಾಲದಲ್ಲಿ ಒಂದು ಊರಿನ ಹಾಸ್ಟೆಲನ್ನು ಮಕ್ಕಳು ಕಡಿಮೆ ಅಂತ ಪೇಟೆಯದಕ್ಕೆ ಸೇರಿಸಿದರು. ಕಾಗದದಲ್ಲಿ ಎಲ್ಲ ಹುಡುಗಿಯರ ಹೆಸರೂ ಪೇಟೆಯ ರಿಜಿಸ್ಟರಿಗೆ ಹೋಯಿತು. ಜೂನ್‌ನಲ್ಲಿ ಅರ್ಧದಷ್ಟು ಹುಡುಗಿಯರು ಬರಲೇ ಇಲ್ಲ. ಮನೆ ಹುಡುಕಿಕೊಂಡು ಹೋದೆ. ಒಬ್ಬಳು ತೋಟದಲ್ಲಿ ಅಡಿಕೆ ಸೋಗೆ ಎಳೆಯುತ್ತಿದ್ದಳು. ಪೇಟೆ ದೂರ ಆಯ್ತು ಮೇಡಂ, ಅಲ್ಲಿ ನಮಗೆ ಯಾರು ಗೊತ್ತು ಅಂದರು ಅವಳ ತಾಯಿ. ಹುಡುಗಿ ಏನೂ ಹೇಳಲಿಲ್ಲ. ಮುಂದಿನ ವರ್ಷ ಅವಳ ಮದುವೆ ಆಯಿತು ಅಂತ ಕೇಳಿದೆ. ಇಲಾಖೆಯ ಲೆಕ್ಕದಲ್ಲಿ ಅವತ್ತು ಉಳಿದದ್ದು ಕಟ್ಟಡದ ಬಾಡಿಗೆ, ಒಂದಿಬ್ಬರ ಸಂಬಳ.

ಸಣ್ಣ ಶಾಲೆ, ಸಣ್ಣ ಹಾಸ್ಟೆಲ್ ಉಳಿಸುವುದಕ್ಕೆ ಕಾನೂನು ವಿರುದ್ಧವಾಗಿಲ್ಲ. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಾಗ ಕೇಂದ್ರ ಮಾಡಿದ ನಿಯಮದಲ್ಲಿ ಐದನೇ ಕ್ಲಾಸಿನವರೆಗೆ ಒಂದು ಕಿಲೋಮೀಟರು, ಎಂಟರವರೆಗೆ ಮೂರು ಕಿಲೋಮೀಟರು ನಡಿಗೆಯೊಳಗೆ ಶಾಲೆ ಇರಬೇಕು ಅಂತ ಇದೆ. ಅಷ್ಟೇ ಅಲ್ಲ. ದಾರಿ ದುರ್ಗಮವಾಗಿದ್ದರೆ, ಗುಡ್ಡ ಕುಸಿಯುವ, ನೆರೆ ಬರುವ ಭಯವಿದ್ದರೆ, ರಸ್ತೆ ಇಲ್ಲದಿದ್ದರೆ ಈ ದೂರವನ್ನು ಇನ್ನೂ ಕಡಿಮೆ ಮಾಡಿ ಶಾಲೆ ಇಡಬೇಕು ಅಂತಲೂ ಇದೆ. ಶಾಲೆ ಇಲ್ಲದ ಸಣ್ಣ ಊರುಗಳ ಮಕ್ಕಳಿಗೆ ಉಚಿತ ವಾಹನ, ವಸತಿಯಂಥ ಏರ್ಪಾಡು ಮಾಡಬೇಕು ಅಂತಲೂ ಇದೆ. ಓದಿದರೆ ಮಲೆನಾಡನ್ನು ನೋಡಿಯೇ ಬರೆದ ಹಾಗಿದೆ. ವಿಲೀನದ ಪಟ್ಟಿ ಮಾಡುವವರು ಒಂದು, ಮೂರು ಅನ್ನುವ ಅಂಕಿಯನ್ನು ಮಾತ್ರ ತೆಗೆದುಕೊಂಡು ಉಳಿದದ್ದನ್ನು ಬಿಡಬಾರದು.

ಅಧಿಕಾರಿಗಳಲ್ಲಿ ನನ್ನ ವಿನಂತಿ ಇಷ್ಟು. ಹಾಸ್ಟೆಲ್‌ನ ಮಕ್ಕಳ ಲೆಕ್ಕವನ್ನು ಕೊಯ್ಲಿನ ತಿಂಗಳಲ್ಲಿ ತೆಗೆಯಬೇಡಿ. ಆಗ ಮನೆಕೆಲಸಕ್ಕೆ ಅಂತ ಮಕ್ಕಳು ಊರಿಗೆ ಹೋಗಿರುತ್ತಾರೆ, ಸಂಖ್ಯೆ ಕಡಿಮೆ ಕಾಣುತ್ತದೆ. ಜುಲೈನಲ್ಲಿ ಬಂದು ಎಣಿಸಿ. ದೂರ ಅಳೆಯುವುದಾದರೆ ಜೀಪಿನ ಮೀಟರ್ ನೋಡಬೇಡಿ, ಮಗುವಿನ ಮನೆ ಬಾಗಿಲಿಂದ ಶಾಲೆಯವರೆಗೆ ಒಂದು ಸಲ ನಡೆದು ನೋಡಿ. ಕಾಲಿಗೆ ಸುಣ್ಣ, ಹೊಗೆಸೊಪ್ಪು ಸವರಿಕೊಂಡು ಬನ್ನಿ, ಉಂಬಳ (ಜಿಗಣೆ) ಜಾಸ್ತಿ. ಆಶ್ರಮ ಶಾಲೆಯಲ್ಲಿ ಐದನೇ ಕ್ಲಾಸು ಮುಗಿಸಿದ ಮಕ್ಕಳಿಗೆ ಹತ್ತಿರದ ಹಾಸ್ಟೆಲ್‌ನಲ್ಲಿ ಅರ್ಜಿಯ ಗೋಜಿಲ್ಲದೆ ನೇರವಾಗಿ ಜಾಗ ಕೊಡಿ. ಈಗ ಎಷ್ಟೋ ಮಕ್ಕಳು ಆ ಬೇಸಿಗೆ ರಜೆಯಲ್ಲೇ ಕೈತಪ್ಪಿ ಹೋಗುತ್ತಾರೆ. ಇಷ್ಟಾದ ಮೇಲೂ ಒಂದು ಹಾಸ್ಟೆಲ್ ಮುಚ್ಚಲೇಬೇಕು ಅನಿಸಿದರೆ ಆ ಹುಡುಗಿಯರ ತಾಯಂದಿರ ಸಭೆ ಕರೆದು ಕೇಳಿ. ತಾಲ್ಲೂಕು ಆಫೀಸಿನಲ್ಲಿ ಬೇಡ, ಹಾಸ್ಟೆಲ್‌ನಲ್ಲೇ ಕರೆಯಿರಿ. ಸಂತೆಯ ದಿನ ಮಧ್ಯಾಹ್ನ ಇಟ್ಟರೆ ಎಲ್ಲರೂ ಬರುತ್ತಾರೆ.

ಇಂತಿ,
ನಿವೃತ್ತ ವಾರ್ಡನ್
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ